ಹಾಲು-ಗೀಲು: ಮಕ್ಕಳ ಮಾತಿನಲ್ಲಿರುವ ನಿಯಮವನ್ನು ವಿಜ್ಞಾನದ ವಿಧಾನದಿಂದ ಹುಡುಕಿದ ಎರಡು ಪಾಠಗಳು

ಪೀಠಿಕೆ

‘ವೈಜ್ಞಾನಿಕ ವಿಧಾನ’ ಎಂಬುದನ್ನು ನಾವೆಲ್ಲ ಬಿ.ಎಸ್ಸಿ. ಓದುವಾಗಲೂ ಬಿ.ಇಡಿ. ಬೋಧನಾ ವಿಧಾನದ ತರಗತಿಯಲ್ಲೂ ಬಾಯಿಪಾಠ ಮಾಡಿದ್ದೇವೆ: ವೀಕ್ಷಣೆ, ಪ್ರಾಕ್ಕಲ್ಪನೆ, ಪ್ರಯೋಗ, ತೀರ್ಮಾನ. ಶಾಲೆಯ ಪ್ರಯೋಗಗಳಲ್ಲಿ ಮಾತ್ರ ಈ ಕ್ರಮ ಸಾಮಾನ್ಯವಾಗಿ ತಲೆಕೆಳಗಾಗಿರುತ್ತದೆ. ನೀಲಿ ಲಿಟ್ಮಸ್ ಆಮ್ಲದಲ್ಲಿ ಕೆಂಪಾಗುತ್ತದೆ ಎಂದು ಪುಸ್ತಕದಲ್ಲಿ ಮೊದಲೇ ಅಚ್ಚಾಗಿದೆ. ಮಗು ಕಾಗದ ಅದ್ದುವ ಮೊದಲೇ ತೀರ್ಮಾನವನ್ನು ಬರೆದಿಟ್ಟಿರುತ್ತದೆ. ಕಾಗದ ಹಳೆಯದಾಗಿ ಬಣ್ಣ ಬದಲಾಗದಿದ್ದರೂ ದಾಖಲೆ ಪುಸ್ತಕದಲ್ಲಿ ‘ಕೆಂಪಾಯಿತು’ ಎಂದೇ ಇರುತ್ತದೆ. ಉತ್ತರ ಪುಸ್ತಕದಲ್ಲೂ ಇಲ್ಲ, ಮೇಡಂ ಹತ್ತಿರವೂ ಇಲ್ಲ, ತಾನೇ ಹುಡುಕಬೇಕು ಎಂಬ ಸ್ಥಿತಿ ಮಗುವಿಗೆ ಬರುವುದು ಬಹಳ ಕಡಿಮೆ.

ಅಂಥ ಒಂದು ವಿಷಯವನ್ನು ಹುಡುಕುವಾಗ ನನಗೆ ಸಿಕ್ಕಿದ್ದು ಪ್ರಯೋಗಾಲಯದ ಕಪಾಟಿನಲ್ಲಲ್ಲ, ದಿನಬಳಕೆಯ ಮಾತಿನಲ್ಲಿ. ಹಾಲು-ಗೀಲು, ಪುಸ್ತಕ-ಗಿಸ್ತಕ, ಬಸ್ಸು-ಗಿಸ್ಸು ಎಂದು ನಾವು ದಿನಕ್ಕೆ ಎಷ್ಟೋ ಬಾರಿ ಆಡುತ್ತೇವೆ. ಭಾಷಾಶಾಸ್ತ್ರದಲ್ಲಿ ಇವುಗಳಿಗೆ ಪ್ರತಿಧ್ವನಿ ಪದಗಳು ಎನ್ನುತ್ತಾರೆ. ಇವುಗಳ ನಿಯಮವನ್ನು ಶಾಲೆಯಲ್ಲಿ ಯಾರಿಗೂ ಕಲಿಸಿಲ್ಲ, ಆದರೂ ಯಾರೂ ತಪ್ಪುವುದಿಲ್ಲ. ಆ ನಿಯಮ ಏನು ಎಂದು ಕೇಳಿದರೆ ಹೇಳುವುದಕ್ಕೂ ಬಾರದು. ಸಾಮಗ್ರಿಗೆ ಖರ್ಚಿಲ್ಲ, ಪ್ರತಿ ಮಗುವಿನ ಬಾಯಲ್ಲೂ ದತ್ತಾಂಶವಿದೆ, ಪುಸ್ತಕದಲ್ಲಿ ಉತ್ತರವಿಲ್ಲ.

ಬಳ್ಳಾರಿ ಕಡೆಯ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ಬೋಧನಾಭ್ಯಾಸದ ಅವಧಿಯಲ್ಲಿ ಎಂಟನೇ ತರಗತಿಗೆ ನಾನು ಮಾಡಿದ ಎರಡು ಪಾಠಗಳ ವಿವರ ಇಲ್ಲಿದೆ. ಆ ತರಗತಿಯಲ್ಲಿ ಮನೆಯಲ್ಲಿ ಕನ್ನಡ ಆಡುವವರ ಜೊತೆಗೆ ತೆಲುಗು ಮತ್ತು ಉರ್ದು ಆಡುವ ಮಕ್ಕಳೂ ಇದ್ದರು. ಪಾಠದ ಎರಡನೆಯ ಭಾಗಕ್ಕೆ ಇದೇ ಆಧಾರವಾಯಿತು.

ಪಾಠದ ಉದ್ದೇಶಗಳು

1. ವಿದ್ಯಾರ್ಥಿಗಳು ದತ್ತಾಂಶ ಸಂಗ್ರಹಿಸಿ, ವರ್ಗೀಕರಿಸಿ, ಅದರಿಂದ ಒಂದು ಪ್ರಾಕ್ಕಲ್ಪನೆಯನ್ನು ರೂಪಿಸುವರು.
2. ವಿರುದ್ಧ ಉದಾಹರಣೆ ಸಿಕ್ಕಾಗ ಪ್ರಾಕ್ಕಲ್ಪನೆಯನ್ನು ತಿದ್ದುವರು.
3. ತಿದ್ದಿದ ನಿಯಮದಿಂದ ಹೊಸ ಪದಗಳಿಗೆ ಮುನ್ಸೂಚನೆ ನೀಡಿ ಪರೀಕ್ಷಿಸುವರು.
4. ತಮ್ಮ ಮನೆಮಾತೂ ವೀಕ್ಷಣೆಗೆ ಯೋಗ್ಯವಾದ ವಸ್ತು ಎಂಬುದನ್ನು ಗುರುತಿಸುವರು.

ವಿಧಾನ: ಮೊದಲ ಅವಧಿ ಅನುಗಮನ, ಎರಡನೆಯ ಅವಧಿ ನಿಗಮನ. ಸಾಮಗ್ರಿ: ಕಪ್ಪುಹಲಗೆ, ಸೀಮೆಸುಣ್ಣ, ಗುಂಪಿಗೊಂದು ಹಾಳೆ.

ಮೊದಲ ಹಂತ: ಸಂಗ್ರಹ

ಆರು ಗುಂಪು ಮಾಡಿ, ‘ಚಾ-ಗೀ, ಊಟ-ಗೀಟ ಅಂತೀವಲ್ಲ, ಅಂಥ ಹತ್ತು ಜೋಡಿ ಬರೀರಿ’ ಎಂದಷ್ಟೇ ಹೇಳಿದೆ. ಐದೇ ನಿಮಿಷದಲ್ಲಿ ಹಾಳೆಗಳು ತುಂಬಿದವು. ಹಲಗೆಯ ಮೇಲೆ ಬಂದ ಕೆಲವು ಜೋಡಿಗಳು ಇವು: ಮನೆ-ಗಿನೆ, ಹಾಲು-ಗೀಲು, ಪುಸ್ತಕ-ಗಿಸ್ತಕ, ಕೋಳಿ-ಗೀಳಿ, ಮಳೆ-ಗಿಳೆ, ಊಟ-ಗೀಟ, ಎಣ್ಣೆ-ಗಿಣ್ಣೆ, ಅಂಗಡಿ-ಗಿಂಗಡಿ, ಮೊಬೈಲು-ಗಿಬೈಲು, ಬಸ್ಸು-ಗಿಸ್ಸು, ಪ್ರೀತಿ-ಗೀತಿ. ಕೊನೆಯ ಜೋಡಿಗೆ ತರಗತಿಯೆಲ್ಲ ನಕ್ಕಿತು. ಅದನ್ನು ಅಳಿಸದೆ ಹಾಗೇ ಬಿಟ್ಟೆ. ಮುಂದೆ ನಮಗೆ ಅತಿ ಹೆಚ್ಚು ಉಪಯೋಗಕ್ಕೆ ಬಂದ ಪದ ಅದೇ.

ಬಟ್ಟೆ-ಬರೆ, ಸೊಪ್ಪು-ಸದೆ, ಮಕ್ಕಳು-ಮರಿ ಎಂಬವೂ ಬಂದವು. ಇವು ಕನ್ನಡ ಪಾಠದಲ್ಲಿ ಓದಿದ ಜೋಡುನುಡಿಗಳು ಎಂದು ಮಕ್ಕಳೇ ಗುರುತಿಸಿದರು. ಹೊಸ ಪದ ಕೊಟ್ಟರೆ ಇವುಗಳನ್ನು ಕಟ್ಟಲು ಆಗುವುದಿಲ್ಲ, ಒಂದೊಂದನ್ನೂ ಕಲಿತೇ ಇರಬೇಕು. ‘ಮೊಬೈಲು-ಗಿಬೈಲು’ ಹಾಗಲ್ಲ, ಯಾರೂ ಕಲಿಸದೆ ತಾನಾಗಿ ಬರುತ್ತದೆ. ಹೀಗಾಗಿ ಜೋಡುನುಡಿಗಳನ್ನು ಬೇರೆ ಅಂಕಣಕ್ಕೆ ಹಾಕಿದೆವು. ವರ್ಗೀಕರಣ ಎಂಬ ಹಂತ ಇಲ್ಲಿ ತಾನಾಗಿ ನಡೆಯಿತು.

ಎರಡನೆಯ ಹಂತ: ಪ್ರಾಕ್ಕಲ್ಪನೆ ಮತ್ತು ತಿದ್ದುಪಡಿ

‘ನಿಯಮ ಏನು?’ ಎಂದಾಗ ಬಂದ ಮೊದಲ ಉತ್ತರ: ‘ಮೊದಲ ಅಕ್ಷರ ತೆಗೆದು ಗಿ ಹಾಕಬೇಕು.’ ಹಲಗೆಯ ಮೇಲೆ ಬರೆದೆ. ‘ಹಾಗಾದರೆ ಹಾಲು?’ ಎಂದೆ. ‘ಹಾಲು-ಗಿಲು’ ಎಂದು ಒಬ್ಬ ಹುಡುಗ ನಿಯಮದ ಪ್ರಕಾರವೇ ಹೇಳಿ ತಾನೇ ನಕ್ಕ. ಅವನ ಕಿವಿಯೇ ಅದನ್ನು ಒಪ್ಪಲಿಲ್ಲ. ಪ್ರಾಕ್ಕಲ್ಪನೆ ಬಿದ್ದುಹೋಯಿತು, ಅದನ್ನು ಬೀಳಿಸಿದ್ದು ಮೇಡಂ ಅಲ್ಲ, ದತ್ತಾಂಶ.

ಎರಡನೆಯ ರೂಪ: ‘ಹ್ರಸ್ವ ಇದ್ದರೆ ಗಿ, ದೀರ್ಘ ಇದ್ದರೆ ಗೀ.’ ಮನೆ, ಮಳೆ, ಪುಸ್ತಕ, ಎಣ್ಣೆ ಒಂದು ಕಡೆ. ಹಾಲು, ಕೋಳಿ, ಊಟ ಇನ್ನೊಂದು ಕಡೆ. ಎಲ್ಲವೂ ಹೊಂದಿದವು. ಇಲ್ಲಿ ಒಂದು ವಿಷಯವನ್ನು ಎಲ್ಲರ ಗಮನಕ್ಕೆ ತಂದೆ. ಮೂಲ ಪದದಲ್ಲಿ ಅ, ಉ, ಎ, ಒ ಯಾವ ಸ್ವರ ಇದ್ದರೂ ಅದು ಇ ಆಗುತ್ತದೆ. ಆ, ಊ, ಏ, ಓ ಯಾವುದಿದ್ದರೂ ಈ ಆಗುತ್ತದೆ. ಸ್ವರದ ಗುಣ ಅಳಿಯುತ್ತದೆ, ಅದರ ಅಳತೆ ಉಳಿಯುತ್ತದೆ. ಒಂದೇ ಸ್ವರಕ್ಕೆ ಎರಡು ಬೇರೆ ಗುಣಲಕ್ಷಣಗಳಿವೆ ಎಂದು ಮಕ್ಕಳು ಕಂಡುಕೊಂಡದ್ದು ಇಲ್ಲಿ. ವಸ್ತುವಿನ ಬಣ್ಣ ಬದಲಾದರೂ ದ್ರವ್ಯರಾಶಿ ಬದಲಾಗದಂತೆ, ಎಂದು ಒಬ್ಬಳು ಹೋಲಿಸಿದಳು.

ಮೂರನೆಯ ಪ್ರಶ್ನೆ ಸ್ವಲ್ಪ ಕಠಿಣ: ತೆಗೆಯುವುದು ಎಷ್ಟನ್ನು? ‘ಒಂದು ಅಕ್ಷರವನ್ನು’ ಎಂದರೆ ಅಂಗಡಿ ಅಡ್ಡ ಬರುತ್ತದೆ. ಕಾಗುಣಿತದ ಲೆಕ್ಕದಲ್ಲಿ ‘ಅಂ’ ಒಂದೇ ಅಕ್ಷರ. ಅದು ಪೂರ್ತಿ ಹೋಗುವುದಾದರೆ ‘ಅಂಗಡಿ-ಗಿಗಡಿ’ ಆಗಬೇಕಿತ್ತು. ಆದರೆ ಸೊನ್ನೆ ಉಳಿದು ಗಿಂಗಡಿ ಆಗಿದೆ. ಇನ್ನೊಂದು ಕಡೆ ಒತ್ತಕ್ಷರದ ಸಮಸ್ಯೆ. ಬಸ್ಸು-ಗಿಸ್ಸು ಎನ್ನುವಾಗ ಸಕಾರದ ಒತ್ತು ಉಳಿಯುತ್ತದೆ. ಪ್ರೀತಿ-ಗೀತಿ ಎನ್ನುವಾಗ ರಕಾರದ ಒತ್ತು ಹೋಗುತ್ತದೆ, ಯಾರೂ ‘ಗ್ರೀತಿ’ ಎನ್ನುವುದಿಲ್ಲ. ಬರವಣಿಗೆಯಲ್ಲಿ ಎರಡೂ ಒತ್ತೇ, ವರ್ತನೆ ಮಾತ್ರ ಬೇರೆ ಬೇರೆ. ಯಾಕೆ?

ಈ ಪ್ರಶ್ನೆಯನ್ನು ಗುಂಪುಗಳಿಗೆ ಬಿಟ್ಟು ಏಳೆಂಟು ನಿಮಿಷ ಸುಮ್ಮನಿದ್ದೆ. ಪದಗಳನ್ನು ಬಿಡಿಸಿ ಬರೆಯಿರಿ ಎಂಬ ಒಂದೇ ಸುಳಿವು ಕೊಟ್ಟೆ. ಬಸ್ಸು ಎಂಬುದು ಬ್+ಅ+ಸ್+ಸ್+ಉ. ಪ್ರೀತಿ ಎಂಬುದು ಪ್+ರ್+ಈ+ತ್+ಇ. ಅಂಗಡಿಯಲ್ಲಿ ಮೊದಲಿಗೇ ಅ, ಆಮೇಲೆ ಅನುಸ್ವಾರ. ಹೀಗೆ ಬರೆದಾಗ ಹಿಂದಿನ ಸಾಲಿನ ಒಂದು ಗುಂಪಿಗೆ ಉತ್ತರ ಕಂಡಿತು. ಅವರ ಮಾತನ್ನು ಸ್ವಲ್ಪ ಒಪ್ಪಮಾಡಿ ಹಲಗೆಯ ಮೇಲೆ ಹೀಗೆ ಬರೆದೆವು:

‘ಪದದ ಮೊದಲ ಸ್ವರದವರೆಗೆ ಇರುವುದೆಲ್ಲ ಹೋಗುತ್ತದೆ, ಆ ಸ್ವರವೂ ಸೇರಿ. ಅದರ ಜಾಗಕ್ಕೆ ಗಿ ಅಥವಾ ಗೀ ಬರುತ್ತದೆ, ಹೋದ ಸ್ವರದ ಅಳತೆಯ ಪ್ರಕಾರ. ಮೊದಲ ಸ್ವರದ ನಂತರ ಇರುವುದೆಲ್ಲ ಇದ್ದ ಹಾಗೆ ಉಳಿಯುತ್ತದೆ.’

ಪ್ರೀತಿಯ ರಕಾರ ಮೊದಲ ಸ್ವರಕ್ಕೆ ಹಿಂದೆ ಇದೆ, ಅದಕ್ಕೇ ಹೋಯಿತು. ಬಸ್ಸಿನ ಸಕಾರ ಸ್ವರಕ್ಕೆ ಮುಂದೆ ಇದೆ, ಅದಕ್ಕೇ ಉಳಿಯಿತು. ಅಂಗಡಿಯ ಸೊನ್ನೆಯೂ ಹಾಗೆಯೇ. ಲಿಪಿಯಲ್ಲಿ ಒಂದಾಗಿ ಕಾಣುವ ಅಕ್ಷರದೊಳಗೆ ಮಾತು ಬೇರೆ ಗೆರೆ ಎಳೆಯುತ್ತದೆ ಎಂಬುದು ನನಗೂ ಪಾಠಯೋಜನೆ ತಯಾರಿಸುವಾಗಲೇ ಸ್ಪಷ್ಟವಾದ ಸಂಗತಿ. ಸ್ವರ, ವ್ಯಂಜನ, ಸಂಯುಕ್ತಾಕ್ಷರ ಎಂದು ಮಕ್ಕಳು ವ್ಯಾಕರಣದಲ್ಲಿ ಓದಿದ್ದ ಮಾತುಗಳಿಗೆ ಇಲ್ಲಿ ಒಂದು ಕೆಲಸ ಸಿಕ್ಕಿತು.

ಮೂರನೆಯ ಹಂತ: ಮುನ್ಸೂಚನೆ

ಇದು ಎರಡನೆಯ ಅವಧಿ. ‘ನೀವು ಎಂದೋ ಕೇಳಿದ ಜೋಡಿಗಳನ್ನೇ ನೆನಪಿನಿಂದ ಹೇಳುತ್ತಿದ್ದೀರಿ, ನಿಯಮ ಗಿಯಮ ಏನಿಲ್ಲ’ ಎಂದು ಬೇಕೆಂದೇ ವಾದಿಸಿದೆ. ಅದನ್ನು ಸುಳ್ಳೆಂದು ತೋರಿಸುವುದು ಹೇಗೆ? ಯಾರೂ ಕೇಳಿಯೇ ಇರದ ಪದ ಕೊಟ್ಟು ನೋಡಬೇಕು ಎಂದರು. 1958ರಲ್ಲಿ ಜೀನ್ ಬರ್ಕೊ ಎಂಬ ವಿದ್ವಾಂಸೆ ಇಂಗ್ಲಿಷ್ ಆಡುವ ಪುಟ್ಟ ಮಕ್ಕಳೊಂದಿಗೆ ಮಾಡಿದ ಪ್ರಸಿದ್ಧ ಪರೀಕ್ಷೆಯೂ ಇದೇ ಬಗೆಯದು. ಹಕ್ಕಿಯಂಥ ಒಂದು ಚಿತ್ರ ತೋರಿಸಿ ಇದು ‘ವಗ್’ ಎಂದು ಹೇಳಿ, ಎರಡು ಇದ್ದರೆ ಏನೆನ್ನುತ್ತೀರಿ ಎಂದು ಕೇಳಿದ್ದರು. ಎಂದೂ ಕೇಳದ ಪದಕ್ಕೆ ಮಕ್ಕಳು ಬಹುವಚನ ಮಾಡಿದರೆ, ಅವರಲ್ಲಿರುವುದು ಬರಿ ನೆನಪಲ್ಲ, ನಿಯಮ ಎಂದು ತಿಳಿಯುತ್ತದೆ. ಈ ಕಥೆ ಹೇಳಿ, ಅರ್ಥವೇ ಇಲ್ಲದ ನಾಲ್ಕು ಪದಗಳನ್ನು ಬರೆದೆ: ಮಟುವೆ, ಲೋಬು, ಸ್ನೂಡಿ, ಅಂಪಿಲು.

ಮೊದಲು ನಿಯಮದಿಂದ ಲೆಕ್ಕ ಹಾಕಿ ಹಾಳೆಯಲ್ಲಿ ಬರೆದು ಮಡಚಿಡಬೇಕು. ಆಮೇಲೆ ಪಕ್ಕದ ಗುಂಪಿನವರಿಗೆ ಪದವನ್ನು ಬಾಯಲ್ಲಿ ಹೇಳಿ, ಅವರು ತಟ್ಟನೆ ಕೊಡುವ ಉತ್ತರದೊಂದಿಗೆ ಹೋಲಿಸಬೇಕು. ಗಿಟುವೆ, ಗೀಬು, ಗೀಡಿ, ಗಿಂಪಿಲು ಎಂದು ಆರೂ ಗುಂಪುಗಳಲ್ಲಿ ಬಂದವು. ಹ್ರಸ್ವ, ದೀರ್ಘ, ಸಂಯುಕ್ತಾಕ್ಷರ, ಅನುಸ್ವಾರ ನಾಲ್ಕನ್ನೂ ಪರೀಕ್ಷಿಸಲೆಂದೇ ಆ ಪದಗಳನ್ನು ಆಯ್ದಿದ್ದೆ. ಮಡಚಿಟ್ಟ ಹಾಳೆ ತೆರೆದಾಗ ಮಕ್ಕಳು ಕೂಗಿದ್ದನ್ನು ಕೇಳಿ ಪಕ್ಕದ ಕೊಠಡಿಯ ಶಿಕ್ಷಕರು ಇಣುಕಿ ನೋಡಿ ಹೋದರು.

ನಿಯಮ ಕೈಕೊಡುವ ಜಾಗ

ಒಳ್ಳೆಯ ನಿಯಮ ಎಲ್ಲಿ ನಿಲ್ಲುತ್ತದೆ ಎಂಬುದನ್ನೂ ನೋಡಬೇಕು. ‘ಗಿಡಕ್ಕೆ ಏನಂತೀರಿ?’ ಎಂದು ಕೇಳಿದೆ. ನಿಯಮದ ಪ್ರಕಾರ ಗಿಡ-ಗಿಡ. ಆದರೆ ಹಾಗೆಂದರೆ ‘ಪ್ರತಿಯೊಂದು ಗಿಡ’ ಎಂಬ ದ್ವಿರುಕ್ತಿಯ ಅರ್ಥ ಬಂದುಬಿಡುತ್ತದೆ. ತರಗತಿ ಒಡೆಯಿತು. ಕೆಲವರು ಗಿಡ-ಮರ ಎಂದರು, ಕೆಲವರು ಗಿಡ-ಗಂಟೆ ಎಂದು ಜೋಡುನುಡಿಗೆ ಓಡಿದರು, ಇಬ್ಬರು ಗಿಡ-ಪಿಡ ಎಂದು ಪ್ರಯತ್ನಿಸಿದರು, ಕೆಲವರು ಹಾಗೆ ಅನ್ನುವುದೇ ಇಲ್ಲ ಎಂದರು. ಇತರ ಪದಗಳಿಗೆ ಒಂದೇ ಉಸಿರಿನಲ್ಲಿ ಉತ್ತರ ಬರುತ್ತಿದ್ದ ತರಗತಿಯಲ್ಲಿ ಇಲ್ಲಿ ಮಾತ್ರ ತಡವರಿಕೆ. ಅಪವಾದ ಎಲ್ಲೆಂದರಲ್ಲಿ ಬರಲಿಲ್ಲ, ನಿಯಮ ತನ್ನನ್ನೇ ತಾನು ತಿಂದುಹಾಕುವ ಜಾಗದಲ್ಲೇ ಬಂತು. ಐಕಾರದ ಪದಗಳಲ್ಲೂ ಚರ್ಚೆಯಾಯಿತು. ಸೈಕಲ್ಲಿಗೆ ಗೀಕಲ್ಲು ಎಂದವರೇ ಹೆಚ್ಚು. ಹಾಗಾದರೆ ಐ ದೀರ್ಘಗಳ ಸಾಲಿಗೆ ಸೇರುತ್ತದೆ ಎಂದು ಟಿಪ್ಪಣಿ ಮಾಡಿಕೊಂಡೆವು.

ವಿಭಕ್ತಿ ಪ್ರತ್ಯಯ ಸೇರಿದಾಗ ಏನಾಗುತ್ತದೆ ಎಂದೂ ನೋಡಿದೆವು. ‘ಅಂಗಡಿ-ಗಿಂಗಡಿಗೆ ಹೋಗಿದ್ದೆಯಾ?’ ಸರಿ. ‘ಅಂಗಡಿಗೆ ಗಿಂಗಡಿಗೆ ಹೋಗಿದ್ದೆಯಾ?’ ಇದೂ ಸರಿ. ‘ಅಂಗಡಿಗೆ ಗಿಂಗಡಿ ಹೋಗಿದ್ದೆಯಾ?’ ಎಂದರೆ ಯಾರೂ ಒಪ್ಪಲಿಲ್ಲ. ಇಡೀ ಪದಪುಂಜವೂ ಪ್ರತಿಧ್ವನಿಸಬಹುದು: ‘ಅಂಗಡಿಗೆ ಹೋದೆ ಗಿಂಗಡಿಗೆ ಹೋದೆ ಅಂತ ನೆಪ ಹೇಳಬೇಡ.’ ಅಮೆರಿಕದ ಭಾಷಾವಿಜ್ಞಾನಿ ಜೆಫ್ರಿ ಲಿಡ್ಜ್ 2001ರಲ್ಲಿ ಕನ್ನಡದ ಈ ಪ್ರತಿಧ್ವನಿ ಪದಗಳನ್ನೇ ವಸ್ತುವಾಗಿಟ್ಟುಕೊಂಡು ಒಂದು ಸಂಶೋಧನಾ ಲೇಖನ ಪ್ರಕಟಿಸಿದ್ದಾರೆ. ಪ್ರತ್ಯಯ ಒಳಗೆ ಸೇರಬಹುದೇ, ಹೊರಗೆ ಉಳಿಯಬಹುದೇ ಎಂಬುದು ಅಲ್ಲಿಯೂ ಮುಖ್ಯ ಪ್ರಶ್ನೆ. ನಮ್ಮ ಮಾತಿನ ಬಗ್ಗೆ ಅಷ್ಟು ದೂರದಲ್ಲಿ ಯಾಕೆ ಬರೆದರು ಎಂದು ಮಕ್ಕಳು ಕೇಳಿದರು. ಪದ ಹೇಗೆ ರಚನೆಯಾಗುತ್ತದೆ ಎಂಬ ಪ್ರಶ್ನೆಗೆ ನಿಮ್ಮ ಮಾತು ಸಾಕ್ಷಿ ಹೇಳುತ್ತದೆ, ಅದಕ್ಕೆ, ಎಂದೆ.

ಅರ್ಥದ ಕಡೆ

ರೂಪದ ನಿಯಮ ಸಿಕ್ಕಿತು. ಅರ್ಥ? ‘ಕಾಫಿ-ಗೀಫಿ ಕುಡಿತೀರಾ?’ ಎಂದರೆ ಉಪಚಾರ. ಕಾಫಿಯೇ ಆಗಬೇಕೆಂದಿಲ್ಲ, ಅಂಥದ್ದು ಏನಾದರೂ. ‘ಕತ್ತಲಲ್ಲಿ ಹೋಗಬೇಡ, ಹಾವು-ಗೀವು ಇದ್ದೀತು’ ಎಂದರೆ ಕಾಳಜಿ. ‘ಓದು-ಗೀದು ಏನಿಲ್ಲ ಇವನಿಗೆ’ ಎಂದರೆ ತಾತ್ಸಾರ. ಮೂರರಲ್ಲೂ ಸಾಮಾನ್ಯವಾಗಿರುವುದು ಅನಿಶ್ಚಿತತೆ, ‘ಇದು ಮತ್ತು ಇಂಥವು’ ಎಂಬ ತೆರೆದ ಗುಂಪು. ಹಾಗಾದರೆ ಎಲ್ಲಿ ಬಳಸಲಾಗದು? ‘ಬೀಕರಿಗೆ 2 ಗ್ರಾಂ ಉಪ್ಪು-ಗಿಪ್ಪು ಹಾಕಿ’ ಎಂದು ಪ್ರಯೋಗದ ಸೂಚನೆ ಬರೆದರೆ ನಗು ಬರುತ್ತದೆ. ಅಳತೆ ಖಚಿತವಾದಲ್ಲಿ ಈ ಪದಕ್ಕೆ ಜಾಗವಿಲ್ಲ. ವಿಜ್ಞಾನದ ಭಾಷೆ ಯಾಕೆ ಮನೆಯ ಭಾಷೆಗಿಂತ ಬೇರೆಯಾಗಿ ಕೇಳುತ್ತದೆ ಎಂಬುದಕ್ಕೆ ಇದಕ್ಕಿಂತ ಸುಲಭವಾದ ಉದಾಹರಣೆ ನನಗೆ ಸಿಕ್ಕಿಲ್ಲ. ಹಾಗೆಯೇ ಹಿರಿಯರನ್ನು ಕುರಿತು ಎದುರಿಗೇ ಹೀಗೆ ಆಡಿದರೆ ಅಗೌರವವಾಗುತ್ತದೆ ಎಂದು ಮಕ್ಕಳೇ ಸೇರಿಸಿದರು.

ಮನೆಮಾತುಗಳ ಹೋಲಿಕೆ

ಮನೆಯಲ್ಲಿ ಬೇರೆ ಭಾಷೆ ಆಡುವವರು ತಮ್ಮ ಜೋಡಿಗಳನ್ನು ಹೇಳಬಹುದು ಎಂದಾಗ ತೆಲುಗು ಮನೆಮಾತಿನ ಹುಡುಗರು ‘ಪುಸ್ತಕಂ-ಗಿಸ್ತಕಂ, ಪುಲಿ-ಗಿಲಿ’ ಎಂದರು. ನಿಯಮ ನಮ್ಮದೇ. ಕಿಟಕಿ ಪಕ್ಕ ಕೂರುತ್ತಿದ್ದ ಒಬ್ಬ ಹುಡುಗಿ ಮೂರು ವಾರದಲ್ಲಿ ತಾನಾಗಿ ಒಂದು ಉತ್ತರವನ್ನೂ ಹೇಳಿರಲಿಲ್ಲ. ಕನ್ನಡದಲ್ಲಿ ತಪ್ಪಾದರೆ ಉಳಿದವರು ನಗುತ್ತಾರೆಂಬ ಅಂಜಿಕೆ ಅವಳಿಗೆ. ಅವಳು ಎದ್ದು ‘ಪಾನಿ-ವಾನಿ, ಚಾಯ್-ವಾಯ್, ರೋಟಿ-ವೋಟಿ’ ಎಂದಳು. ಹಲಗೆಯ ಮೇಲೆ ಬರೆದು ಮೊದಲಿನ ನಿಯಮದ ಪಕ್ಕದಲ್ಲಿ ಇಟ್ಟೆವು. ಉರ್ದುವಿನಲ್ಲಿ ಮೊದಲ ವ್ಯಂಜನ ಮಾತ್ರ ವ ಆಗುತ್ತದೆ, ಸ್ವರ ಪೂರ್ತಿ ಉಳಿಯುತ್ತದೆ. ಪಾ ಇದ್ದದ್ದು ವಾ, ರೋ ಇದ್ದದ್ದು ವೋ. ಕನ್ನಡ, ತೆಲುಗುಗಳಲ್ಲಿ ವ್ಯಂಜನದ ಜೊತೆ ಸ್ವರದ ಗುಣವೂ ಬದಲಾಗುತ್ತದೆ, ಅಳತೆ ಮಾತ್ರ ಉಳಿಯುತ್ತದೆ. ವ್ಯಂಜನ, ಸ್ವರದ ಗುಣ, ಸ್ವರದ ಅಳತೆ ಎಂಬ ಮೂರು ಚರಾಂಶಗಳಲ್ಲಿ ಯಾವ ಭಾಷೆ ಯಾವುದನ್ನು ಬದಲಿಸುತ್ತದೆ ಎಂದು ಕೋಷ್ಟಕ ಮಾಡಿದೆವು. ‘ಕಿತಾಬ್‌ಗೆ?’ ಎಂದು ಯಾರೋ ಕೇಳಿದರು. ಆಕೆ ‘ವಿತಾಬ್’ ಎಂದಳು. ಆ ಅವಧಿಯಲ್ಲಿ ಉರ್ದುವಿನ ಪ್ರಶ್ನೆಗಳಿಗೆ ತರಗತಿಯೆಲ್ಲ ಅವಳ ಕಡೆಗೇ ತಿರುಗುತ್ತಿತ್ತು. ನನಗೂ ಬೇರೆ ದಾರಿ ಇರಲಿಲ್ಲ, ಆ ಭಾಷೆ ನನಗೆ ಬಾರದು.

ಇದಕ್ಕೆ ನಾನು ಸೇರಿಸಿದ್ದು ಇಷ್ಟು: ತಮಿಳಿನಲ್ಲಿ ಕಾಪಿ-ಕೀಪಿ, ಮರಾಠಿಯಲ್ಲಿ ಚಹಾ-ಬಿಹಾ, ಬಂಗಾಳಿಯಲ್ಲಿ ನೀರಿಗೆ ಜೊಲ್-ಟೊಲ್. ತಮಿಳು ನಮ್ಮ ದ್ರಾವಿಡ ಕುಟುಂಬದ್ದು. ಮರಾಠಿ, ಬಂಗಾಳಿ, ಉರ್ದು ಇಂಡೋ-ಆರ್ಯನ್ ಕುಟುಂಬದವು. ಮೂಲ ಬೇರೆಯಾದರೂ ಬಹುಕಾಲ ಅಕ್ಕಪಕ್ಕದಲ್ಲಿ ಬಾಳಿದ ಭಾಷೆಗಳು ಒಂದರ ಗುಣವನ್ನು ಇನ್ನೊಂದು ಪಡೆಯುತ್ತವೆ. ಎಂ. ಬಿ. ಎಮೆನೊ 1956ರಲ್ಲಿ ಭಾರತವನ್ನು ‘ಒಂದು ಭಾಷಾ ಪ್ರದೇಶ’ವೆಂದು ವಾದಿಸಿದಾಗ ಇಂಥ ಕುಟುಂಬ ಮೀರಿದ ಹೋಲಿಕೆಗಳನ್ನೇ ಆಧಾರವಾಗಿಟ್ಟುಕೊಂಡಿದ್ದರು. ಪ್ರತಿಧ್ವನಿ ಪದಗಳು ಅವುಗಳಲ್ಲಿ ಒಂದು.

ಚರ್ಚೆ

ಪಾಠದ ನಂತರದ ಹಿಮ್ಮಾಹಿತಿಯಲ್ಲಿ ಎರಡು ಆಕ್ಷೇಪಗಳು ಬಂದವು. ಎರಡೂ ಗಂಭೀರವಾದವೇ.

ಮೊದಲನೆಯದು, ಇದು ಯಾವ ವಿಷಯದ ಪಾಠ? ವಿಜ್ಞಾನದ ಪಾಠಗಳ ಎಣಿಕೆಯಲ್ಲಿ ಇದನ್ನು ಸೇರಿಸಬಹುದೇ ಎಂದು ವೀಕ್ಷಕರು ಕೇಳಿದರು. ನನ್ನ ಉತ್ತರ: ಪಾಠಯೋಜನೆಯ ನಾಲ್ಕು ಉದ್ದೇಶಗಳಲ್ಲಿ ಮೊದಲ ಮೂರು ವಿಜ್ಞಾನದವು. ವಸ್ತು ಮಾತ್ರ ಭಾಷೆಯದು. ಘಟಕದ ವಿಷಯಾಂಶವನ್ನು ಇದು ಮುಗಿಸುವುದಿಲ್ಲ ಎಂಬುದು ನಿಜ, ಆದ್ದರಿಂದ ಇದನ್ನು ಪ್ರಯೋಗಗಳ ಘಟಕಕ್ಕೆ ಪೂರ್ವಸಿದ್ಧತೆಯಾಗಿ ಇಡುವುದೇ ಸೂಕ್ತ. ಅವರು ಹಾಗೆಯೇ ದಾಖಲಿಸಿಕೊಂಡರು.

ಎರಡನೆಯದು, ಶಾಲೆಯ ಕನ್ನಡ ಶಿಕ್ಷಕರದು. ‘ಇವನ್ನೆಲ್ಲ ತರಗತಿಗೆ ತಂದರೆ ನಾಳೆ ಪ್ರಬಂಧದಲ್ಲೂ ಬರೀತಾರಮ್ಮ’ ಎಂದರು. ಪರೀಕ್ಷೆಯ ಉತ್ತರಪತ್ರಿಕೆ ತಿದ್ದುವವರ ಚಿಂತೆ ಅದು, ತಳ್ಳಿಹಾಕುವಂಥದ್ದಲ್ಲ. ಅವರ ಸಲಹೆಯಂತೆ ಕೊನೆಯ ಹತ್ತು ನಿಮಿಷ ‘ಮಾತಿನಲ್ಲಿ’, ‘ಬರಹದಲ್ಲಿ’ ಎಂದು ಎರಡು ಅಂಕಣ ಮಾಡಿಸಿದೆ. ‘ಪುಸ್ತಕ-ಗಿಸ್ತಕ’ದ ಎದುರಿಗೆ ‘ಪುಸ್ತಕ ಮುಂತಾದವು’ ಎಂದು ಮಕ್ಕಳು ಬರೆದರು. ಎರಡಕ್ಕೂ ತಮ್ಮ ತಮ್ಮ ಜಾಗವಿದೆ, ಒಂದು ತಪ್ಪು ಇನ್ನೊಂದು ಸರಿ ಎಂದಲ್ಲ. ಆದರೂ ನನ್ನ ಅಭಿಪ್ರಾಯ ಇದು: ಕೆಂಪು ಶಾಯಿಯಲ್ಲಿ ಮಾತ್ರ ತಮ್ಮ ಮಾತನ್ನು ಕಂಡ ಮಕ್ಕಳು ಅದರಲ್ಲಿ ನಿಯಮವಿದೆ ಎಂದು ನಂಬುವುದೇ ಇಲ್ಲ. ಇಷ್ಟು ಬಿಗಿಯಾದ ನಿಯಮವನ್ನು ತಪ್ಪದೆ ಪಾಲಿಸುವ ಮಗುವನ್ನು ‘ಭಾಷೆ ಬಾರದವಳು’ ಎನ್ನುವ ಮುನ್ನ ನಾವು ಯೋಚಿಸಬೇಕು.

ಪರಿಣಾಮದ ಬಗ್ಗೆ ದೊಡ್ಡ ಮಾತು ಆಡಲಾರೆ. ಒಂದೇ ತರಗತಿ, ಎರಡೇ ಅವಧಿ, ಹೋಲಿಕೆಗೆ ಬೇರೆ ಗುಂಪಿಲ್ಲ. ದಾಖಲಿಸಬಹುದಾದದ್ದು ಎರಡು ಸಂಗತಿ. ಮುಂದಿನ ವಾರ ಲೋಲಕದ ಪ್ರಯೋಗ ಮಾಡುವಾಗ ಒಂದು ಗುಂಪು, ‘ಗುಂಡಿನ ತೂಕ ಬದಲಿಸಿದರೂ ಸಮಯ ಅಷ್ಟೇ ಬಂತು, ಆದರೆ ಎಷ್ಟು ಸಲ ನೋಡಿದರೆ ನಿಯಮ ಅನ್ನಬಹುದು?’ ಎಂದು ಕೇಳಿತು. ಕಿಟಕಿ ಪಕ್ಕದ ಹುಡುಗಿ ಅದೇ ಪ್ರಯೋಗದಲ್ಲಿ ತನ್ನ ಗುಂಪಿನ ಅಳತೆಗಳನ್ನು ಓದಿ ಹೇಳಿದಳು. ಓದುವಾಗ ಎರಡು ಕಡೆ ತಡೆದಳು, ಯಾರೂ ನಗಲಿಲ್ಲ.

ಸಹ ಪ್ರಶಿಕ್ಷಣಾರ್ಥಿಗಳಿಗೆ ಸೂಚನೆಗಳು

1. ನಿಯಮವನ್ನು ಮೊದಲು ಹೇಳಬೇಡಿ. ಮೊದಲ ಪ್ರಾಕ್ಕಲ್ಪನೆ ಮುರಿದುಬೀಳಲೇಬೇಕು, ಪಾಠದ ಜೀವ ಅಲ್ಲಿದೆ.
2. ಪದಪಟ್ಟಿಯಲ್ಲಿ ಹ್ರಸ್ವ, ದೀರ್ಘ, ಸ್ವರಾದಿ, ಸಂಯುಕ್ತಾಕ್ಷರ ನಾಲ್ಕೂ ಬರುವಂತೆ ನೋಡಿಕೊಳ್ಳಿ. ಮಕ್ಕಳಿಂದ ಬಾರದಿದ್ದರೆ ನೀವು ಒಂದೆರಡು ಸೇರಿಸಿ.
3. ಅರ್ಥವಿಲ್ಲದ ಪದಗಳ ಪರೀಕ್ಷೆಯನ್ನು ಬಿಡಬೇಡಿ. ನೆನಪು ಮತ್ತು ನಿಯಮದ ವ್ಯತ್ಯಾಸ ತಿಳಿಯುವುದು ಅದರಿಂದಲೇ.
4. ವ್ಯಕ್ತಿಗಳ ಹೆಸರುಗಳನ್ನು ಹೀಗೆ ಆಡಿಸಬೇಡಿ. ಹಾಸ್ಯ ಬೇಗ ಅವಮಾನಕ್ಕೆ ತಿರುಗುತ್ತದೆ.
5. ತರಗತಿಯಲ್ಲಿರುವ ಪ್ರತಿ ಮನೆಮಾತಿಗೂ ಹಲಗೆಯ ಮೇಲೆ ಒಂದು ಅಂಕಣ ಕೊಡಿ. ನಿಮಗೆ ಆ ಭಾಷೆ ಬಾರದಿದ್ದರೆ ಇನ್ನೂ ಒಳ್ಳೆಯದು, ಆಗ ಮಗುವೇ ತಜ್ಞ.

ಮುಂದಿನ ಅಧ್ಯಯನಕ್ಕೆ ಇದೇ ರೀತಿಯ ಬೇರೆ ವಿಷಯಗಳೂ ಇವೆ. ಎರಡು ಪುಸ್ತಕ ಎನ್ನುವ ನಾವು ಎರಡು ಹುಡುಗರು ಎನ್ನದೆ ಇಬ್ಬರು ಹುಡುಗರು ಎನ್ನುವುದು ಯಾಕೆ? ‘ನಾನು ಓಡಿದೆ’ ಎನ್ನುವ ನಾವು ‘ನನಗೆ ಹಸಿವಾಯಿತು’ ಎನ್ನುವುದು ಯಾಕೆ? ಈ ಎರಡು ಪ್ರಶ್ನೆಗಳಿಗೆ ಪಾಠಯೋಜನೆ ಸಿದ್ಧಪಡಿಸುತ್ತಿದ್ದೇನೆ. ಬೇರೆ ಶಾಲೆಗಳಲ್ಲಿ ಪ್ರತಿಧ್ವನಿ ಪದಗಳ ಪಾಠವನ್ನು ಮಾಡುವವರು ‘ಗಿಡ’ಕ್ಕೆ ತಮ್ಮ ಮಕ್ಕಳು ಕೊಟ್ಟ ಉತ್ತರಗಳನ್ನು ಬರೆದಿಟ್ಟುಕೊಂಡರೆ, ಊರಿಂದೂರಿಗೆ ಅದು ಹೇಗೆ ಬದಲಾಗುತ್ತದೆ ಎಂಬುದನ್ನು ಇದೇ ಪತ್ರಿಕೆಯಲ್ಲಿ ಒಟ್ಟಿಗೆ ಕೂಡಿಸಿ ನೋಡಬಹುದು.